‘ಬಿಟ್ಬಂದೆ’ ಎಂಬ ಕ್ರಿಯಾಪದ

ಕನ್ನಡ ಅಧ್ಯಾಪಕನ ಹುದ್ದೆಯಿಂದ ಸ್ವಯಂನಿವೃತ್ತಿ ಪಡೆದ ಮೇಲೆ, ಹೆಬ್ಬಾಳದ ಬಳಿ ಕೂಡುತ್ತಿದ್ದ ಮಕ್ಕಳ ಕಲ್ಯಾಣ ಸಮಿತಿಯೊಂದರಲ್ಲಿ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸಕ್ಕೆ ಸೇರಿದೆ. ಅಲ್ಲಿಯೂ ಎಲ್ಲರಿಗೂ ನಾನು ಮೇಷ್ಟ್ರೇ. ಜನರು ಆಡಿದ ಮಾತನ್ನು ಶುದ್ಧ ಗ್ರಾಂಥಿಕ ಕನ್ನಡಕ್ಕೆ ತಿರುಗಿಸುವುದು ನನ್ನ ಕರ್ತವ್ಯವೆಂದು ನಂಬಿದ್ದೆ. ‘ಹೋಗ್ಬಿಟ್ರು’ ಎಂದರೆ ‘ನಿರ್ಗಮಿಸಿದರು’. ‘ಹೊಡ್ದ’ ಎಂದರೆ ‘ಪ್ರಹರಿಸಿದನು’. ವಿಭಕ್ತಿ ಪ್ರತ್ಯಯವೊಂದೂ ಲೋಪವಾಗದ ಆ ಹಾಳೆಗಳನ್ನು ಕಂಡು ನನಗೇ ಹಿತವಾಗುತ್ತಿತ್ತು. ಸಹಿಗೆ ಮುನ್ನ ಹೇಳಿಕೆಯನ್ನು ಕೊಟ್ಟವರಿಗೇ ಓದಿ ಹೇಳಬೇಕೆಂದು ಹೊಸ ಅಧ್ಯಕ್ಷೆ ಕಟ್ಟುನಿಟ್ಟು ಮಾಡಿದಾಗ, ಕಾಲಹರಣವೆಂದು ಗೊಣಗಿದ್ದೆ.

ಆ ದಿನ ಅಟ್ಟೂರಿನ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬರು ಎದುರಿಗಿದ್ದರು. ಆಪರೇಷನ್ನಿಗೆಂದು ಆಸ್ಪತ್ರೆ ಸೇರುವ ಮುನ್ನ ಎಂಟು ವರ್ಷದ ಮಗಳನ್ನು ಬ್ಯಾಟರಾಯನಪುರದ ಅಕ್ಕನ ಮನೆಯಲ್ಲಿ ಇರಿಸಿದ್ದರು. ಹುಡುಗಿ ಅಮ್ಮನನ್ನು ಹುಡುಕುತ್ತ ಒಬ್ಬಳೇ ಹೊರಟು, ಪೊಲೀಸರ ಕೈಸೇರಿ, ಒಂಬತ್ತು ದಿನಗಳಿಂದ ಬಾಲಮಂದಿರದಲ್ಲಿದ್ದಳು. ಇನ್ನು ಅವಳು ಮನೆಗೋ, ಬಾಲಮಂದಿರಕ್ಕೋ ಎಂಬುದು ಅಂದು ನಿರ್ಧಾರವಾಗಬೇಕಿತ್ತು.

ತಾಯಿಯ ಹೇಳಿಕೆಯನ್ನು ನಾನು ಓದಿದೆ: “ಪುತ್ರಿಯನ್ನು ಸಹೋದರಿಯ ಗೃಹದಲ್ಲಿ ಪರಿತ್ಯಜಿಸಿ ಆಸ್ಪತ್ರೆಗೆ ತೆರಳಿದೆನು.”

“ಪರಿ... ಏನಂದ್ರಿ ಮೇಷ್ಟ್ರೇ?” ಎಂದರು ತಾಯಿ.

“ಬಿಟ್ಟು ಎಂದರ್ಥ.”

ಅಧ್ಯಕ್ಷೆ ಕನ್ನಡಕ ತೆಗೆದರು. “ಬೇಡ ಅಂತ ಕೈಬಿಡೋದು ಕಣಮ್ಮ. ಹಂಗಂದ್ರಾ ನೀವು?”

“ಅಯ್ಯೋ ಶಿವನೇ! ಅಕ್ಕನ ಮನೇಲಿ ಬಿಟ್ಬಂದೆ ಅಂದೆ ಕಣ್ರೀ. ದಿನಾ ಸ್ಕೂಲಿಗೂ ಬಿಟ್ಬರ್ತೀನಿ, ಅದನ್ನೂ ಹಿಂಗೇ ಬರ್ಕೋತೀರಾ?”

ಗೋಡೆಯ ಪಕ್ಕದ ಬೆಂಚಿನಿಂದ ಹುಡುಗಿ ಕಿಸಕ್ಕನೆ ನಕ್ಕಳು. ಅಧ್ಯಕ್ಷೆ ನಗಲಿಲ್ಲ.

“ಮೇಷ್ಟ್ರೇ, ಈ ಫೈಲನ್ನ ನಾಳೆ ಇನ್ಯಾರೋ ಓದ್ತಾರೆ. ಈ ಒಂದು ಪದ ಸಾಕು, ತಾಯಿಗೆ ಬೇಡವಾದ ಮಗು ಅಂತ ದತ್ತು ಕೊಡೋ ದಾರಿಗೆ ಹಾಕಿಬಿಡ್ತಾರೆ. ನಿಮ್ಮ ಸಂಸ್ಕೃತಾನ ಮನೇಲಿಟ್ಟು ಬನ್ನಿ.”

ಎರಡನೆಯ ಕ್ರಿಯಾಪದ ಸೇರಿದರೆ ಮೊದಲನೆಯದರ ಅರ್ಥವೇ ಬದಲಾಗಬಹುದೆಂದು ವರ್ಷವರ್ಷವೂ ಪಾಠ ಹೇಳಿದವನು ನಾನು. ಆದರೂ ‘ಬಿಟ್ಟು’ವಿಗೆ ಅಂಟಿಕೊಂಡಿದ್ದ ‘ಬಂದೆ’ ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ಸಾಲನ್ನು ಹೊಡೆದು, ಪಕ್ಕದಲ್ಲಿ ನನ್ನ ಸಹಿ ಹಾಕಿ, ಆಕೆ ಆಡಿದ್ದನ್ನು ಆಡಿದಂತೆಯೇ, ಒಂದಕ್ಷರವನ್ನೂ ತಿದ್ದದೆ ಬರೆದೆ.

“ಇನ್ನೊಂದ್ಸಲ ಓದಿ,” ಎಂದರು ತಾಯಿ.

ಓದಿದೆ.

“ಹ್ಞಾಂ, ಇದು ನಾನ್ ಹೇಳಿದ್ದು,” ಎಂದು ಆಕೆ ಪೆನ್ನು ತೆಗೆದುಕೊಂಡರು.

ವಾರಕ್ಕೊಮ್ಮೆ ಕಾರ್ಯಕರ್ತೆಯೊಬ್ಬರು ಮನೆಗೆ ಭೇಟಿ ಕೊಡಬೇಕೆಂಬ ಷರತ್ತಿನೊಡನೆ, ಮಗಳನ್ನು ತಾಯಿಗೆ ಒಪ್ಪಿಸುವ ಆದೇಶ ಮಧ್ಯಾಹ್ನವೇ ಸಿದ್ಧವಾಯಿತು. ಅದನ್ನೂ ಗಟ್ಟಿಯಾಗಿ ಓದಿದೆ, ಯಾರೂ ಹೇಳಬೇಕಾಗಲಿಲ್ಲ. ಹುಡುಗಿ ಮೇಜಿನ ಬಳಿಗೆ ಬಂದು, ಹಾಳೆಯಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಪರೀಕ್ಷಿಸಿದಳು.

“ಸರಿಯಾಗಿದೆ,” ಎಂದಳು.