ಹೆಂಗಸರಿಗೆ ಮಾತ್ರ ಹೊಡೆಯುವ ಕರೆಂಟು

ಲೇತಿಗೆ ಕೈ ತಾಗಿದರೆ ಜುಂ ಎನ್ನುತ್ತದೆ ಎಂದು ನಾನು ಮೊದಲ ಸಲ ಹೇಳಿದಾಗ ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಎರಡನೆಯ ಸಲ ಹೇಳಿದಾಗ ತಲೆ ಎತ್ತಿದರು, ನಕ್ಕರು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಬರೆದು ಮುಗಿಸಿದರೆ ಉರಿ ಇಳಿದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ಇಳಿಯುವುದು ನನಗೆ ಬೇಡ.

ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಕಡಲಿನ ಕಡೆಗೆ. ಹಿತ್ತಿಲಿನ ಶೆಡ್ಡಿನಲ್ಲಿ ನನ್ನ ಲೇತ್ ಇದೆ. ಮರದ ತುಂಡನ್ನು ಗಿರಗಿರನೆ ತಿರುಗಿಸುವ ಯಂತ್ರ ಅದು. ತಿರುಗುವ ಮರಕ್ಕೆ ಉಳಿ ಒತ್ತಿ ಹಿಡಿದರೆ ಲಟ್ಟಣಿಗೆಯೋ ಕಡೆಗೋಲೋ ಆಗಿ ಬರುತ್ತದೆ. ಮಣಿಪಾಲದ ಆಫೀಸಿನ ಕೆಲಸ ಬಿಟ್ಟ ಮೇಲೆ, ಕಾರ್ಕಳದಲ್ಲಿ ಬಾಗಿಲು ಹಾಕಿದ ಒಂದು ಫರ್ನಿಚರ್ ಅಂಗಡಿಯಿಂದ ಅದನ್ನು ತಂದೆ. ಹೆಂಗಸಿಗೆ ಇದೆಲ್ಲ ಯಾಕೆ ಎಂದು ಕೇಳದ ನೆಂಟರಿಲ್ಲ. ಹಾಗೆ ಕೇಳಿದವರೆಲ್ಲ ಹೋಗುವಾಗ ಒಂದೊಂದು ಲಟ್ಟಣಿಗೆ ಚೀಲಕ್ಕೆ ಹಾಕಿಕೊಂಡೇ ಹೋಗಿದ್ದಾರೆ, ಅದು ಬೇರೆ ಮಾತು. ಹಲಸಿನ ಮರದ ಹಳದಿ ಹುಡಿ ಮೈಗೆಲ್ಲ ಮೆತ್ತಿಕೊಂಡು ನಿಂತಾಗ ನನಗಾಗುವಷ್ಟು ಖುಷಿ ಆಫೀಸಿನಲ್ಲಿ ಒಂದು ದಿನವೂ ಆಗಿದ್ದಿಲ್ಲ.

ಗಂಡ ಗಲ್ಫಿನಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದವರು. ಊರಿಗೆ ಬಂದು ಕೂತ ಮೇಲೂ ಆ ಹುದ್ದೆ ಅವರನ್ನು ಬಿಟ್ಟಿಲ್ಲ. ಯಾರ ಮನೆಯ ಪಂಪು ನಿಂತರೂ, ಉಚ್ಚಿಲದಲ್ಲಿ ಯಾರದೋ ಇನ್ವರ್ಟರ್ ಕುಂಯ್‌ಗುಟ್ಟಿದರೂ ಇವರಿಗೇ ಫೋನ್. ಕೆಲಸ ಗೊತ್ತಿಲ್ಲದವರಲ್ಲ, ಚೆನ್ನಾಗಿಯೇ ಗೊತ್ತು. ಅದಕ್ಕೇ ನನಗೆ ಇಷ್ಟು ಸಿಟ್ಟು.

ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಎಂಬ ನಿಯಮ ಮಾಡಿದವರೂ ಅವರೇ. ಲೇತ್ ಬಂದ ವರ್ಷ ಆಯುಧ ಪೂಜೆಗೆ ಅದಕ್ಕೆ ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಆರತಿ ಎತ್ತಿದರು. ಪೂಜೆ ಮಾಡಿದ ಮಿಷನಿನ ಎದುರು ಚಪ್ಪಲಿ ಹಾಕಿ ನಿಲ್ಲಬಾರದು ಎಂದರು. ಸರಿ ಎಂದು ನಾನು ಒಪ್ಪಿದೆ. ನನಗೂ ಅದು ಸರಿಯೆಂದೇ ಕಂಡಿತ್ತು. ಅನ್ನ ಕೊಡದಿದ್ದರೂ ಖುಷಿ ಕೊಡುವ ಯಂತ್ರ. ಆದರೆ ಅವರಿಗೆ ಹಿಮ್ಮಡಿ ನೋವು. ಡಾಕ್ಟರು ಬರಿಗಾಲಲ್ಲಿ ನಡೆಯಬೇಡಿ ಎಂದಿದ್ದಾರಂತೆ. ಹಾಗಾಗಿ ದಪ್ಪ ಅಟ್ಟೆಯ ರಬ್ಬರ್ ಚಪ್ಪಲಿ ಮನೆಯೊಳಗೂ ಅವರ ಕಾಲಲ್ಲೇ. ನಿಯಮ ಮಾಡಿದವರಿಗೆ ನಿಯಮದಿಂದ ರಜೆ.

ಚಪ್ಪಲಿ ಹಾಕಿಕೊಂಡು ಬಂದು, ಲೇತಿನ ಮೇಲೆ ಅಂಗೈ ಊರಿ, “ಎಲ್ಲುಂಟು ಶಾಕ್?” ಎಂದು ಕೇಳುತ್ತಿದ್ದರು. ಟೆಸ್ಟರ್ ಇಟ್ಟು ನೋಡಿದರೆ ಒಳಗಿನ ದೀಪ ಮಿಣಮಿಣ ಎನ್ನುತ್ತಿತ್ತು. ಅದು ಇಂಡಕ್ಷನ್, ಎಲ್ಲ ಮಿಷನಿನಲ್ಲೂ ಇರುತ್ತದೆ, ನಿನ್ನದು ಹೆದರಿಕೆ ಎಂದು ಹೇಳಿ ಹೋಗುತ್ತಿದ್ದರು. ನಾನು ಮೀಟರ್ ಹಿಡಿದು ಹುಡುಕಿದೆ. ಪ್ಲಗ್ ತೆಗೆದು, ಸ್ವಿಚ್ಚಿನ ಡಬ್ಬಿ ಬಿಚ್ಚಿ, ಒಳಗೆ ಗಟ್ಟಿಯಾಗಿದ್ದ ಮರದ ಹುಡಿಯನ್ನು ಹಳೆಯ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಕಡಲ ಗಾಳಿಗೆ ಹಸಿರುಗಟ್ಟಿದ್ದ ಸ್ಕ್ರೂಗಳನ್ನು ಬದಲಾಯಿಸಿದೆ. ಮೋಟಾರಿನ ಮುಚ್ಚಳ ತೆಗೆದು ಒಂದೊಂದೇ ವಯರನ್ನು ನೋಡಿದೆ. ಮೀಟರಿನಲ್ಲಿ ಏನೂ ತೋರಿಸಲಿಲ್ಲ. ಮತ್ತೆ ಜೋಡಿಸಿ ಲೇತ್ ಓಡಿಸಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೊಣಕೈವರೆಗೆ ಜುಂ. ಒಂದು ದಿನ ಇದೆ, ಎರಡು ದಿನ ಇಲ್ಲ. ಇಂಥ ದೋಷ ಹುಡುಕುವವರ ತಾಳ್ಮೆಯನ್ನೇ ತಿಂದು ಹಾಕುತ್ತದೆ. ನನಗೆ ತಾಳ್ಮೆ ಮೊದಲೇ ಕಡಿಮೆ. ಇವರನ್ನು ಕರೆದು ತೋರಿಸುವ ಹೊತ್ತಿಗೆ ಅದು ಮಾಯ. ಇವರ ಮುಖದಲ್ಲಿ ಅದೇ ನಗು.

ನನ್ನ ಮಾತಿಗೆ ಇದ್ದದ್ದು ಒಬ್ಬಳೇ ಸಾಕ್ಷಿ. ಮನೆಗೆಲಸಕ್ಕೆ ಬರುವವಳು ಬಾಗಲಕೋಟೆ ಕಡೆಯವಳು. ಅವಳ ಗಂಡ ಇಲ್ಲೇ ಗಾರೆ ಕೆಲಸಕ್ಕೆ ಹೋಗುತ್ತಾನೆ. ಒಂದು ಬೆಳಿಗ್ಗೆ ಶೆಡ್ಡು ಒರೆಸಿ ಬಂದವಳು ಕೈ ಕೊಡವುತ್ತ, “ಅಕ್ಕಾರ, ಆ ಮಷಿನ್ ಮುಟ್ಟಿದ್ರ ಕೈ ಜುಮ್ ಅಂತೈತ್ರಿ. ಸಾಹೇಬ್ರಿಗೆ ಹೇಳಿದ್ರ ನಗತಾರ,” ಎಂದಳು. ನನಗೆ ಅವಳನ್ನು ತಬ್ಬಿಕೊಳ್ಳುವಷ್ಟು ಸಮಾಧಾನವಾಯಿತು. ಇವರ ಹತ್ತಿರ ಓಡಿ ಹೋಗಿ ಹೇಳಿದೆ. ಮನೆಯಲ್ಲಿ ನಾವು ಮಾತಾಡುವುದು ತುಳು, ಅವಳಿಗೂ ತಿಳಿಯಲಿ ಎಂದೋ ಏನೋ, ಇವರು ಕನ್ನಡದಲ್ಲೇ ಹೇಳಿದರು: “ಇದೆಂತ ಮಾರಾಯ್ತಿ, ಹೆಂಗಸರಿಗೆ ಮಾತ್ರ ಹೊಡೆಯುವ ಕರೆಂಟಾ?”

ಅವಳು ತಲೆ ತಗ್ಗಿಸಿ ಬಕೆಟ್ಟು ಎತ್ತಿಕೊಂಡು ಹೋದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಆ ಮಾತೇ ನನ್ನನ್ನು ಯೋಚನೆಗೂ ಹಚ್ಚಿತು. ಹೆಂಗಸರಿಗೆ ಮಾತ್ರ ಯಾಕೆ? ಅವಳೂ ಬರಿಗಾಲು, ನಾನೂ ಬರಿಗಾಲು. ಮರುದಿನ ಚಪ್ಪಲಿ ಹಾಕಿಯೇ ಶೆಡ್ಡಿಗೆ ಹೋದೆ, ಮನಸ್ಸಿನಲ್ಲೇ ತಪ್ಪಾಯಿತು ಎಂದು ಕೈ ಮುಗಿದು ಲೇತ್ ಓಡಿಸಿದೆ. ಮುಟ್ಟಿದರೆ ಏನೂ ಇಲ್ಲ. ಒಂದು ಕಾಲನ್ನು ಚಪ್ಪಲಿಯಿಂದ ತೆಗೆದು ಸಿಮೆಂಟ್ ನೆಲಕ್ಕೆ ಇಟ್ಟೆ. ಜುಂ. ಮತ್ತೆ ಚಪ್ಪಲಿಗೆ ಇಟ್ಟೆ, ಇಲ್ಲ. ಗೆದ್ದೆ ಎಂದುಕೊಂಡು ಇವರನ್ನು ಕರೆದು, ಚಪ್ಪಲಿ ತೆಗೆದು ಮುಟ್ಟಿ ನೋಡಿ ಎಂದೆ.

“ಇಷ್ಟು ವರ್ಷ ಅದನ್ನೇ ಮಾಡಿ ಬಂದವನು ನಾನು. ನನಗೆ ನೀನು ಕಲಿಸುವುದು ಬೇಡ,” ಎಂದರು. ಹಿಮ್ಮಡಿ ನೋವು ಎಂದರು. ಚಪ್ಪಲಿ ತೆಗೆಯಲಿಲ್ಲ.

ಆ ಹೊತ್ತಿಗೆ ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳಿದ್ದೇನೆ. ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಪ್ಲಗ್ ಕಿತ್ತು ವಯರು ಸುತ್ತಿಟ್ಟೆ. ದೋಷ ಸಿಗುವವರೆಗೆ ಶೆಡ್ಡಿಗೆ ಕಾಲಿಡಬೇಡ, ಒರೆಸುವುದೂ ಬೇಡ ಎಂದು ಕೆಲಸದವಳಿಗೆ ಹೇಳಿದೆ. ಅವಳು ಹೂಂ ಎಂದಳು.

ಏಪ್ರಿಲ್ ಕೊನೆಯಲ್ಲಿ ಇವರ ಗಲ್ಫಿನ ಸ್ನೇಹಿತರೊಬ್ಬರು ಉಡುಪಿಯಿಂದ ಬರುವವರಿದ್ದರು. ಬಂದವರಿಗೆ ಲೇತ್ ತೋರಿಸುವುದು ಇವರಿಗೆ ಒಂದು ಜಂಬ; ನನ್ನ ಹೆಂಡತಿಯ ಫ್ಯಾಕ್ಟರಿ ನೋಡಿ ಎಂದು ಎಲ್ಲರನ್ನೂ ಕರೆದುಕೊಂಡು ಹೋಗುತ್ತಾರೆ. ಸಾಂಬಾರಿಗೆಂದು ಗುಳ್ಳ ಬದನೆ ತರಲು ನಾನು ಮಟ್ಟುವಿಗೆ ಹೋಗಿದ್ದೆ. ಆ ಹೊತ್ತಿನಲ್ಲಿ ಇವರು ಮಾಡಿದ ಘನಕಾರ್ಯ ಇಷ್ಟು: ಪ್ಲಗ್ ಮತ್ತೆ ಹಾಕಿದರು, ಲೇತ್ ಓಡಿಸಿ ಸರಿಯಿದೆ ಎಂದುಕೊಂಡು ನಿಲ್ಲಿಸಿದರು, ಗೋಡೆಯ ಸಾಕೆಟ್ಟಿನ ಸ್ವಿಚ್ ಆರಿಸದೆ ಹಾಗೇ ಬಿಟ್ಟರು. ಆಮೇಲೆ ಕೆಲಸದವಳನ್ನು ಕರೆದು ಶೆಡ್ಡು ಒರೆಸಲು ಹೇಳಿದರು. ಅಕ್ಕಾರು ಬೇಡ ಅಂದಿದ್ದಾರೆ ಎಂದು ಅವಳು ಹೇಳಿದಳಂತೆ. ಎಂತ ಆಗುವುದಿಲ್ಲ, ಒರೆಸು ಎಂದರಂತೆ.

ನಾನು ಗೇಟು ತೆಗೆದು ಒಳಗೆ ಬರುವಾಗ ಹಿತ್ತಿಲಲ್ಲಿ ಬಕೆಟ್ಟು ಬಿದ್ದ ಸದ್ದಾಯಿತು. ಕೂಗು ಕೇಳಲಿಲ್ಲ. ಹೋಗಿ ನೋಡಿದರೆ ಅವಳು ಒದ್ದೆ ನೆಲದಲ್ಲಿ ಮೊಣಕಾಲೂರಿ ಕೂತಿದ್ದಾಳೆ. ಬಲಗೈ ಲೇತಿನ ಕಬ್ಬಿಣದ ಕಾಲನ್ನು ಹಿಡಿದುಕೊಂಡಿದೆ, ಬಿಡಲು ಆಗುತ್ತಿಲ್ಲ. ಬಾಯಿ ತೆರೆದಿದೆ, ಸ್ವರ ಬರುತ್ತಿಲ್ಲ. ಸಾಕೆಟ್ಟು ಅವಳ ಆಚೆ ಬದಿಯಲ್ಲಿ, ನಡುವೆ ನೀರು. ಮುಟ್ಟಬಾರದು ಎಂಬಷ್ಟು ಬುದ್ಧಿ ಆ ಕ್ಷಣದಲ್ಲಿ ನನಗೆ ಹೇಗೆ ಬಂತೋ ದೇವರಿಗೇ ಗೊತ್ತು. ಜಗಲಿಯ ಮೈನ್ ಬೋರ್ಡಿಗೆ ಓಡಿದೆ.

ಬೋರ್ಡಿನಲ್ಲಿ ಇಎಲ್‌ಸಿಬಿ ಇದೆ. ಯಾರಿಗಾದರೂ ಶಾಕ್ ಹೊಡೆದರೆ ತಾನಾಗಿಯೇ ಬಿದ್ದು ಇಡೀ ಮನೆಯ ಕರೆಂಟನ್ನು ತೆಗೆಯಬೇಕಾದ ಸ್ವಿಚ್ ಅದು. ಅದು ಬಿದ್ದಿರಲಿಲ್ಲ. ನಾನೇ ಅದರ ಹಿಡಿಕೆಯನ್ನು ಕೆಳಗೆ ಎಳೆದೆ. ಜಗಲಿಯ ಫ್ಯಾನ್ ತಿರುಗುತ್ತಲೇ ಇತ್ತು. ಫ್ಯಾನಿನ ಕೆಳಗೆ ಇವರು ಫೋನಿನಲ್ಲಿ ಸ್ನೇಹಿತರಿಗೆ ದಾರಿ ಹೇಳುತ್ತ ಕೂತಿದ್ದರು. ಸ್ವಿಚ್ ಕೆಳಗಿದೆ, ಫ್ಯಾನ್ ತಿರುಗುತ್ತಿದೆ.  ಪಕ್ಕದ ದೊಡ್ಡ ಮೈನ್ ಸ್ವಿಚ್ಚನ್ನು ಎರಡೂ ಕೈಯಲ್ಲಿ ಜಗ್ಗಿದೆ. ಆಗ ಫ್ಯಾನ್ ನಿಂತಿತು. ಹಿತ್ತಿಲಿನಲ್ಲಿ ಅವಳು ಬಿದ್ದದ್ದು ಕೇಳಿಸಿತು.

ಅವಳು ಉಳಿದಳು. ಉಡುಪಿಯ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಒಂದು ದಿನ ಇರಿಸಿಕೊಂಡು, ಹೃದಯಕ್ಕೇನೂ ಆಗಿಲ್ಲ ಎಂದು ಕಳಿಸಿದರು. ಅಂಗೈಯಲ್ಲಿ ಸುಟ್ಟ ಗಾಯ, ಎರಡು ಬೆರಳು ಮರಗಟ್ಟಿದ ಹಾಗೆ. ರೊಟ್ಟಿ ತಟ್ಟಲು ಆಗುವುದಿಲ್ಲ ಎಂದು ಅತ್ತಳು. ಅದೊಂದಕ್ಕೇ ಅವಳು ಅತ್ತದ್ದು.

ಅವಳನ್ನು ಆಸ್ಪತ್ರೆಗೆ ಸೇರಿಸಿ ಬರುವಾಗ ಕಾರಿನಲ್ಲಿ ಇವರು ಆಡಿದ ಮೊದಲ ಮಾತು, ಇಷ್ಟು ನೀರು ಹಾಕಿ ಒರೆಸಲು ಅವಳಿಗೆ ಯಾರು ಹೇಳಿದ್ದು ಎಂದು.  ಇಎಲ್‌ಸಿಬಿ ಕೆಳಗೆ ಮಾಡಿದರೂ ಫ್ಯಾನ್ ಹೇಗೆ ತಿರುಗಿತು ಎಂದು ಕೇಳಿದೆ. ಕಟಪಾಡಿ ದಾಟಿದ ಮೇಲೆ ಮತ್ತೆ ಕೇಳಿದೆ. ಆಗ ಹೊರಗೆ ಬಂತು. ಕಳೆದ ಮಳೆಗಾಲದಲ್ಲಿ ತೇವಕ್ಕೆ ಅದು ಗಳಿಗೆಗೊಮ್ಮೆ ಬೀಳುತ್ತಿತ್ತು, ಫ್ರಿಜ್ಜಿನಲ್ಲಿದ್ದ ಮೀನೆಲ್ಲ ಹಾಳಾಗಿತ್ತು. ಅದಕ್ಕೇ ಕರೆಂಟು ಅದರೊಳಗೆ ಹಾಯದಂತೆ ಪಕ್ಕದಿಂದ ಬೇರೆ ವಯರು ಕೊಟ್ಟು ಬೈಪಾಸ್ ಮಾಡಿದ್ದರು. ನಮ್ಮ ಕಡೆ ಮಳೆಗಾಲ ಬಂತೆಂದರೆ ಎಷ್ಟೋ ಮನೆಗಳಲ್ಲಿ ಮಾಡುವ ಕೆಲಸ ಇದು; ಮಳೆ ಬಿಟ್ಟ ಮೇಲೆ ತೆಗೆದರಾಯಿತು ಎನ್ನುತ್ತಾರೆ, ಯಾರೂ ತೆಗೆಯುವುದಿಲ್ಲ. ಅದು ಹಾಳಾಗಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಆದರೂ ಸರಿಯಿತ್ತೇ? ನಮ್ಮದು ಮರಳು ಮಣ್ಣು. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುತ್ತಿರಬೇಕು, ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಅಂಗಳಕ್ಕೆ ಚಂದದ ಇಂಟರ್‌ಲಾಕ್ ಕಲ್ಲು ಹಾಕಿಸಿದಾಗ ಗುಂಡಿಯನ್ನೂ ಅದರಡಿಗೆ ಮುಚ್ಚಿಸಿಬಿಟ್ಟಿದ್ದರು. ಅದೂ ಅವರಿಗೆ ಗೊತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದರೆ ನೀನು ಹೆದರುತ್ತೀ ಅಂತ,” ಎಂದರು.

ಕಾರು ನಿಲ್ಲಿಸಿ ಎಂದೆ. ಹೆದ್ದಾರಿಯಲ್ಲಿ ಇಳಿದು, ಮನೆಯವರೆಗೆ ಆ ಬಿಸಿಲಲ್ಲಿ ನಡೆದುಕೊಂಡು ಬಂದೆ. ಕೂತಿದ್ದರೆ ಏನಾದರೂ ಮಾಡಿಬಿಡುತ್ತಿದ್ದೆ. ನನ್ನ ಹೆದರಿಕೆಯನ್ನು ಈ ಮನುಷ್ಯ ಎರಡು ಸಲ ಬಳಸಿಕೊಂಡಿದ್ದರು: ಒಮ್ಮೆ ಸತ್ಯ ಮುಚ್ಚಿಡಲು, ಇನ್ನೊಮ್ಮೆ ನಾನೇ ಸತ್ಯ ಹೇಳಿದಾಗ ನಗಲು.

ಮರುದಿನ ದೋಷ ಸಿಕ್ಕಿತು. ಪ್ಲಗ್ ತೆಗೆದು, ಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ಫೇಸ್ ಪಿನ್ನಿಗೂ ಇನ್ನೊಂದನ್ನು ಲೇತಿನ ಮೈಗೂ ಹಿಡಿದು, ಈ ಸಲ ವಯರನ್ನು ಉದ್ದಕ್ಕೂ ಅಲುಗಾಡಿಸುತ್ತ ಹೋದೆ. ಲೇತ್ ಓಡುವಾಗ ಇಡೀ ಸ್ಟ್ಯಾಂಡು ಅದುರುತ್ತದಲ್ಲ, ನಿಂತಿರುವಾಗ ಹುಡುಕಿದರೆ ಏನು ಸಿಗುತ್ತದೆ? ವಯರು ಕಬ್ಬಿಣದ ಕಾಲಿನ ತೂತಿನೊಳಗೆ ಹೋಗುವ ಕಡೆ ಬಂದಾಗ ಮೀಟರ್ ಕುಂಯ್ ಎಂದಿತು. ತೂತಿನ ಅಂಚಿಗೆ ರಬ್ಬರ್ ಬುಷ್ ಇರಲಿಲ್ಲ. ಅಂಚಿಗೆ ತಿಕ್ಕಿ ತಿಕ್ಕಿ ವಯರಿನ ಸಿಪ್ಪೆ ಹರಿದು, ಕೂದಲಿನಷ್ಟು ತಾಮ್ರ ಹೊಳೆಯುತ್ತಿತ್ತು. ಲೇತಿನ ಸ್ವಿಚ್ಚಿಗಿಂತ ಮೊದಲೇ ಇರುವ ಜಾಗ. ಲೇತ್ ನಿಲ್ಲಿಸಿದರೂ ಕಾಲಿಗೆ ಕರೆಂಟು ಬರುತ್ತಿತ್ತು. ಇವರನ್ನು ಕರೆದು ತೋರಿಸಿದೆ. ಬಗ್ಗಿ ನೋಡಿದರು. ನಗಲಿಲ್ಲ.

ಆಮೇಲೆ ಎಲ್ಲವನ್ನೂ ಅವರೇ ಸರಿ ಮಾಡಿದರು, ಸುಳ್ಳು ಹೇಳಬಾರದು. ಹೊಸ ವಯರು ಎಳೆದರು, ತೂತಿಗೆ ಬುಷ್ ಹಾಕಿದರು, ಬೈಪಾಸ್ ಕಿತ್ತು ಹೊಸ ಇಎಲ್‌ಸಿಬಿ ಕೂರಿಸಿದರು, ಇಂಟರ್‌ಲಾಕ್ ಎಬ್ಬಿಸಿ ಗುಂಡಿ ತೆರೆದರು. ಕೆಲಸ ಅಚ್ಚುಕಟ್ಟು. ನನ್ನ ಹತ್ತಿರ ತಪ್ಪಾಯಿತು ಎಂದರು, ಎರಡು ಸಲ. ಅವಳ ಹತ್ತಿರ ಹೇಳಿ ಎಂದೆ. ಹೇಳುತ್ತೇನೆ ಎಂದರು. ಆಸ್ಪತ್ರೆಯ ಖರ್ಚೆಲ್ಲ ನಾವೇ ಕೊಟ್ಟಿದ್ದೇವಲ್ಲ ಎಂದೂ ಸೇರಿಸಿದರು. ಅವಳು ಮತ್ತೆ ಕೆಲಸಕ್ಕೆ ಬರತೊಡಗಿದ ಮೇಲೂ ಅವರ ಬಾಯಿಂದ ಆ ಮಾತು ಬರಲಿಲ್ಲ. ಅವಳು ಎದುರಾದರೆ ಪೇಪರು ಎತ್ತಿಕೊಳ್ಳುತ್ತಿದ್ದರು.

ಅವತ್ತು ಬರಲಾಗದ ಸ್ನೇಹಿತರು ಮಳೆ ಹಿಡಿಯುವ ಮೊದಲು ಒಂದು ಸಂಜೆ ಬಂದರು. ಇವರು ಶೆಡ್ಡು ತೋರಿಸಿಕೊಂಡು ಬಂದು ಜಗಲಿಯಲ್ಲಿ ಕೂತು ಕಥೆ ಸುರು ಮಾಡಿದರು. ಮಿಷನಿನಲ್ಲಿ ಒಂದು ಲೀಕೇಜ್ ಇತ್ತು, ಭಾರೀ ಸತಾಯಿಸಿತು, ವಯರು ತೂತಿಗೆ ಹೋಗುವ ಕಡೆ ಉಂಟಲ್ಲ, ಅಲ್ಲಿ ಸಿಕ್ಕಿತು. ಇವಳು ಹೆದರಿಬಿಟ್ಟಿದ್ದಳು ಪಾಪ. ಸ್ನೇಹಿತರು ತಲೆದೂಗಿ, ನಿನ್ನ ಕಣ್ಣು ತಪ್ಪಿಸಿ ಹೋಗಲು ಸಾಧ್ಯವಾ ಮಾರಾಯ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಚಹಾದ ಟ್ರೇ ತಂದಳು. ಎಡಗೈಯಲ್ಲಿ ಹಿಡಿದಿದ್ದಳು, ಬಲಗೈ ಸುಮ್ಮನೆ ಆತುಕೊಂಡಿತ್ತು. ಟ್ರೇಯನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಬಂದವರ ಮುಖ ನೋಡಿ ಹೇಳಿದಳು:

“ನನಗ ಹೊಡದ ಮ್ಯಾಲ ಸಿಕ್ತ್ರೀ ಅದು.”

 ಇವರು ನನ್ನ ಕಡೆ ನೋಡಿದರು. ಇಂಥ ಹೊತ್ತಿನಲ್ಲಿ ನಕ್ಕು ಮಾತು ತೇಲಿಸಿ ಇವರ ಮರ್ಯಾದೆ ಉಳಿಸುವುದು ಇಷ್ಟು ವರ್ಷ ನನ್ನ ಕೆಲಸವಾಗಿತ್ತು. ನಾನು ಎದ್ದು ನನ್ನ ಕುರ್ಚಿಯನ್ನು ಅವಳ ಕಡೆ ಎಳೆದೆ. “ಕೂತುಕೋ,” ಎಂದೆ. “ಅವತ್ತು ಏನಾಯಿತು, ಮೊದಲಿನಿಂದ ಹೇಳು. ಇವರು ಕೇಳಲಿ.”