ಕಾಗೆಬಂಡೆಯ ಗೇಟು

ರೋಸ್ವಿಟಾಳಿಗೆ ಸಿಟ್ಟು ಬಂದರೆ ಎಲ್ಮೆರೋಡೆಯ ನಾಯಿಗಳೂ ಓಣಿ ಬದಲಿಸುತ್ತವೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಅವಳ ಎದುರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಮರದ ಮಿಲ್ಲಿನ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಬಟಾಣಿ ಸೂಪು ಕದಡಿದವಳು, ಮಿಲ್ಲು ಮುಚ್ಚಿದ ಮೇಲೆ ಪ್ರವಾಸಿಗರು ತಂಗುವ ಮನೆಗಳಲ್ಲಿ ಹಾಸಿಗೆ ಬದಲಿಸಿ ಮಗಳನ್ನು ಓದಿಸಿದವಳು, ಗಂಡನನ್ನು ಮಣ್ಣು ಮಾಡಿ ಬಂದ ಮರುದಿನವೇ ಮನೆಯ ಮುಂದಿನ ಕಲ್ಲುಹಾಸು ಗುಡಿಸಿದವಳು. ಇಂಥವಳಿಗೆ ಸಿಟ್ಟು ಬರುವುದಕ್ಕೆ ಹೊರಗಿನಿಂದ ಏನೂ ತರಬೇಕಾಗಿರಲಿಲ್ಲ.

ಚಿಲ್ಲರೆ ಸಿಟ್ಟುಗಳು ಬೇಕಾದಷ್ಟಿದ್ದವು. ಡಾಂಬರು ರಸ್ತೆಯಲ್ಲೂ ಎರಡು ಕೋಲು ಊರಿಕೊಂಡು ಟಕಟಕ ನಡೆಯುವ ಪಟ್ಟಣದವರ ಮೇಲೆ, ಶಿಖರದ ಮೇಲೆಯೇ ನಿಂತು ಶಿಖರ ಎಲ್ಲಿ ಎಂದು ಕೇಳುವವರ ಮೇಲೆ, ಹಾರ್ಟ್ಸ್ ಗುಡ್ಡಗಳನ್ನು ನೋಡಿ ಇಷ್ಟೇನಾ ಎಂದು ಮೂಗು ಮುರಿಯುವವರ ಮೇಲೆ. ಗುಡ್ಡ ಕುಳ್ಳಾದರೆ ಇವರಪ್ಪನ ಗಂಟೇನು ಹೋಯಿತು? ಆದರೆ ನಿಜವಾದ ಸಿಟ್ಟು ಅವಳಿಗೆ ಇದ್ದದ್ದು ಒಬ್ಬನ ಮೇಲೆ. ಅವನು ಮೂರು ಮನೆ ಆಚೆಗಿದ್ದ ಡೆಟ್ಲೆಫ್.

ಅದು ಕಾಗೆಬಂಡೆಯ ವಿಷಯ. ಊರಿನ ಹಿಂದಿನ ಗುಡ್ಡದ ತುದಿಯಲ್ಲಿ ಮೂರ್ನಾಲ್ಕು ಬಂಡೆಗಳು ಒಂದರ ಮೇಲೊಂದು ಕೂತಿವೆ. ಹತ್ತಿ ನಿಂತರೆ ಒಂದು ಕಡೆ ಬ್ರೊಕೆನ್ ಶಿಖರದ ಬೋಳುನೆತ್ತಿ, ಇನ್ನೊಂದು ಕಡೆ ಕೆಳಗೆ ಕಣಿವೆ, ಕಣಿವೆಯಾಚೆ ಹೋಲ್ಸ್‌ಹಾಗೆನ್ ಎಂಬ ಸಣ್ಣ ಊರು. ರೋಸ್ವಿಟಾಳ ಅಪ್ಪ ಕುರ್ಟನ ಅಕ್ಕ ಲೀನಾಳನ್ನು ಕೊಟ್ಟದ್ದು ಆ ಊರಿಗೆ. ಮೊದಲೆಲ್ಲ ಹಬ್ಬಕ್ಕೆ ದೊಡ್ಡ ಬಾಣಲೆ ಬೇಕಾದರೂ ಗುಡ್ಡ ದಾಟಿ ಹೋಗಿ ತರುತ್ತಿದ್ದರು. ಆಮೇಲೆ ಯುದ್ಧ ಮುಗಿದು ದೇಶ ಪೂರ್ವ, ಪಶ್ಚಿಮ ಎಂದು ಎರಡಾಯಿತು, ಕಣಿವೆಯಲ್ಲಿ ಮುಳ್ಳುತಂತಿ ಬಂತು. ಅಕ್ಕ ಆ ಕಡೆ, ತಮ್ಮ ಈ ಕಡೆ.

ಆಗ ಇಬ್ಬರೂ ಒಂದು ಉಪಾಯ ಮಾಡಿಕೊಂಡರು. ಸೆಪ್ಟೆಂಬರಿನಲ್ಲಿ ಕುರ್ಟನ ಹುಟ್ಟುಹಬ್ಬದ ದಿನ ಲೀನಾ ತನ್ನ ಅಂಗಳದ ಹಗ್ಗಕ್ಕೆ ರಜಾಯಿಯ ಕೆಂಪು ಹೊದಿಕೆಯನ್ನು ಹರವುತ್ತಿದ್ದಳು. ಕುರ್ಟ್ ಬಂಡೆ ಹತ್ತಿ ನೋಡುತ್ತಿದ್ದ. ಕೆಂಪು ಕಂಡರೆ ಅಕ್ಕ ಚೆನ್ನಾಗಿದ್ದಾಳೆ ಎಂದು ಅರ್ಥ. ಅವನು ಇಳಿದು ಬಂದು ಒಂದು ಲೋಟ ಬಿಯರು ಕುಡಿದು ಮಲಗುತ್ತಿದ್ದ. ಕೆಲವು ವರ್ಷಗಳಾದ ಮೇಲೆ ಗಡಿಯುದ್ದಕ್ಕೂ ಇದ್ದ ನಿಷೇಧಿತ ಪ್ರದೇಶ ಅಗಲವಾಗಿ ಬಂಡೆಯೂ ಅದರೊಳಗೆ ಸೇರಿತು. ಗುಡ್ಡದ ಬುಡದಲ್ಲಿ, ಕಾಲುದಾರಿಗೆ ಅಡ್ಡಲಾಗಿ, ಎತ್ತಿ ಇಳಿಸುವ ಅಡ್ಡಕಂಬದ ಬಿಳಿ ಕೆಂಪು ಗೇಟು ಬಂದು ಕೂತಿತು.

ವರ್ಷಗಳು ಕಳೆದಂತೆ ಗಡಿ ಕಾವಲಿನವರಿಗೆ ಕೈನೆರವಾಗಲು ಊರಿನಿಂದಲೇ ಕೆಲವರು ಮುಂದೆ ಬಂದಿದ್ದರು. ಡೆಟ್ಲೆಫ್ ಅವರಲ್ಲಿ ಒಬ್ಬ. ರೋಸ್ವಿಟಾಳ ಅಮ್ಮ ಮಾಡಿದ ಆಲೂಗಡ್ಡೆ ರೊಟ್ಟಿ ತಿಂದು ಬೆಳೆದ ಹುಡುಗ, ತೋಳಿಗೆ ಪಟ್ಟಿ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಒಂದು ಹುಟ್ಟುಹಬ್ಬದ ದಿನ ಕುರ್ಟ್ ಟೋಪಿ ಕೈಯಲ್ಲಿ ಹಿಡಿದು ಅವನೆದುರು ಹೋದ. ಅಪ್ಪ ಯಾರ ಮುಂದೆಯೂ ಟೋಪಿ ತೆಗೆದವನಲ್ಲ. ರೋಸ್ವಿಟಾ ಪಕ್ಕದಲ್ಲೇ ಇದ್ದಳು.

"ಒಂದೇ ಒಂದು ಸಲ ಬಿಡಪ್ಪಾ ಡೆಟ್ಲೆಫ್. ಬೇಕಾದ್ರೆ ನೀನೂ ಜೊತೆಗೆ ಬಾ. ಅಕ್ಕ ಕೆಂಪು ಬಟ್ಟೆ ಹಾಕಿದಾಳಾ ಇಲ್ವಾ ನೋಡಿ ಇಳಿದುಬಿಡ್ತೀನಿ."

"ಅಲ್ಲೇನಿಲ್ಲ ಕುರ್ಟ್ ಮಾವ. ಬರೀ ಮರ. ಮನೆಗೆ ಹೋಗಿ."

ಅಷ್ಟಕ್ಕೇ ಬಿಟ್ಟಿದ್ದರೆ ರೋಸ್ವಿಟಾ ಎಂದೋ ಮರೆಯುತ್ತಿದ್ದಳು. ಆದರೆ ಮರುದಿನ ಕೋಟು ತೊಟ್ಟ ಇಬ್ಬರು ಗುಪ್ತ ಪೊಲೀಸರು ಮಿಲ್ಲಿಗೆ ಬಂದರು. ಅಕ್ಕ, ಕೆಂಪು ಬಟ್ಟೆ, ಎಲ್ಲವೂ ಅವರಿಗೆ ಗೊತ್ತಿತ್ತು. ಗೇಟಿನ ಹತ್ತಿರ ಆಡಿದ ಮಾತನ್ನು ಕೇಳಿದವರು ಮೂವರೇ. ಮಿಲ್ಲಿನ ಗರಗಸಗಳಿಗೆಲ್ಲ ಹಲ್ಲು ಮಸೆಯುತ್ತಿದ್ದ ಕುರ್ಟನ ಕೈಗೆ ಪೊರಕೆ ಕೊಟ್ಟರು, ಅಂಗಳದ ಹೊಟ್ಟು ಗುಡಿಸಲು. ಅವನು ಗುಡಿಸಿದ. ಬಂಡೆಯ ಕಡೆ ತಲೆ ಎತ್ತುವುದನ್ನು ಬಿಟ್ಟ. ಗಡಿ ತೆರೆಯುವುದಕ್ಕೆ ಎರಡು ಚಳಿಗಾಲ ಇದ್ದಾಗ ಎದೆ ಕಟ್ಟಿ ತೀರಿಕೊಂಡ.

ಗಡಿ ತೆರೆದಾಗ ಯಾರೋ ಗೇಟನ್ನು ಗರಗಸದಿಂದ ಕತ್ತರಿಸಿದರು, ಊರೇ ಹಿಮದಲ್ಲಿ ಬಂಡೆ ಹತ್ತಿತು. ರೋಸ್ವಿಟಾ ಹತ್ತಿ, ಆ ಕಡೆ ಇಳಿದು, ಲೀನಾಳ ಬಾಗಿಲು ತಟ್ಟಿದಳು. ಮುದುಕಿ ಅವಳ ಕೈ ಹಿಡಿದು ಕೇಳಿದ ಮೊದಲನೆಯ ಮಾತು ಅದೇ.

"ಒಂದು ವರ್ಷನೂ ತಪ್ಪಿಸಲಿಲ್ಲ ಕಣೇ ನಾನು. ಅವನಿಗೆ ಕಾಣ್ತಿತ್ತು ತಾನೆ?"

"ಕಾಣ್ತಿತ್ತು ಅತ್ತೆ," ಎಂದಳು ಸುಳ್ಳು ಹೇಳಿ ಗೊತ್ತಿಲ್ಲದ ರೋಸ್ವಿಟಾ. ಆ ಸುಳ್ಳಿನ ಪಾಪವನ್ನೂ ಡೆಟ್ಲೆಫನ ತಲೆಗೇ ಕಟ್ಟಿದಳು.

ಲೀನಾ ತೀರಿಕೊಂಡ ಮೇಲೆ ಕೆಂಪು ಹೊದಿಕೆ ಇವಳ ಪಾಲಿಗೆ ಬಂತು. ಅಂದಿನಿಂದ ಪ್ರತಿ ಸೆಪ್ಟೆಂಬರಿನಲ್ಲಿ ಅಪ್ಪನ ಹುಟ್ಟುಹಬ್ಬದ ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂಡೆ ಹತ್ತುತ್ತಾಳೆ. ತುದಿಯ ಕಬ್ಬಿಣದ ಕಟಾಂಜನಕ್ಕೆ ಕಟ್ಟಿ, ಫ್ಲಾಸ್ಕಿನ ಕಾಫಿ ಮುಗಿಯುವವರೆಗೆ ಕೂತು, ಬಿಚ್ಚಿಕೊಂಡು ಬರುತ್ತಾಳೆ. ಒಂದು ವರ್ಷವೂ ತಪ್ಪಿಸಿದವಳಲ್ಲ. ಡೆಟ್ಲೆಫ್ ಮಾತ್ರ ಒಂದು ದಿನವೂ ತಪ್ಪಾಯಿತು ಎನ್ನಲಿಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಎದುರಾದರೆ ಟೋಪಿ ಮುಟ್ಟಿಕೊಳ್ಳುತ್ತಿದ್ದ, ಇವಳು ಬ್ರೆಡ್ಡನ್ನು ನೋಡುತ್ತಿದ್ದಳು. ಅಪ್ಪನ ಹೆಸರು ಹಿಡಿದು ಅವನು ಒಂದು ಮಾತು ಆಡಲಿ ಎಂಬುದಷ್ಟೇ ಅವಳ ಆಸೆಯಾಗಿತ್ತು.

ಈಚೆಗೆ ಮಳೆ ಕೈಕೊಟ್ಟ ಬೇಸಿಗೆಗಳು ಸಾಲಾಗಿ ಬಂದವು. ತೊಗಟೆ ಕೊರೆಯುವ ಹುಳು ಬಿದ್ದು ಗುಡ್ಡದ ಸ್ಪ್ರೂಸ್ ಮರಗಳೆಲ್ಲ ನಿಂತಲ್ಲೇ ಒಣಗಿದವು. ಬೂದುಬಣ್ಣದ ಕಂಬಗಳು, ಗಾಳಿ ಇಲ್ಲದಿದ್ದರೂ ಬೀಳುತ್ತಿದ್ದವು. ಅರಣ್ಯ ಕಚೇರಿಯವರು ಗುಡ್ಡದ ಬುಡದಲ್ಲಿ, ಹಳೆಯ ಜಾಗದಲ್ಲೇ, ಗೇಟು ಹಾಕಿಸಿದರು. ಚಾರಣಿಗರು ನುಸುಳಿ ಹೋಗುತ್ತಾರೆಂದು ರಜೆಯ ದಿನಗಳಲ್ಲಿ ಕಾವಲು ಕೂರಲು ಊರವರನ್ನು ಕೇಳಿದರು. ಕೈ ಎತ್ತಿದವನು ಯಾರೆಂದು ಬೇರೆ ಹೇಳಬೇಕೆ?

ಆ ಸೆಪ್ಟೆಂಬರಿನ ಶನಿವಾರ ರೋಸ್ವಿಟಾ ಚೀಲ ಹಿಡಿದು ಬಂದಾಗ ಡೆಟ್ಲೆಫ್ ಹಳದಿ ಅಂಗಿ ತೊಟ್ಟು, ಮಡಚುವ ಕುರ್ಚಿಯಲ್ಲಿ ಕೂತು, ಸಾಸೇಜು ತಿನ್ನುತ್ತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಒಂದು ಗೇಟಿಲ್ಲದೆ ನಿನಗೆ ಬದುಕೋಕೇ ಆಗಲ್ವೇನೋ?"

ಅವನು ಎದ್ದು ನಿಂತ. "ಮರ ಬೀಳ್ತಿವೆ ರೋಸ್ವಿಟಾ. ನಿನ್ನೆನೂ ಒಂದು ಬಿತ್ತು. ಇದು ಆಗಿನ ಥರ ಅಲ್ಲ."

"ಅಲ್ವಂತೆ. ಜಾಗ ಅದೇ, ಗೇಟು ಅದೇ, ಪಕ್ಕದಲ್ಲಿ ಕೂತಿರೋ ಗೂಬೆನೂ ಅದೇ. ಅಂಗಿ ಬಣ್ಣ ಮಾತ್ರ ಬೇರೆ."

"ಕಚೇರಿಯವರು ಹೇಳಿದಾರೆ, ಯಾರನ್ನೂ ಬಿಡಬಾರದು ಅಂತ."

"ಆಗಲೂ ಯಾರೋ ಹೇಳಿದ್ರು. ಹೇಳೋರು ಇಲ್ದೇ ಇದ್ರೆ ನಿನಗೆ ಊಟನೂ ಸೇರಲ್ಲ."

"ದಂಡ ಹಾಕ್ತಾರೆ."

"ಹಾಕಲಿ. ಹೋಗಿ ಚಾಡಿ ಹೇಳು, ಅಭ್ಯಾಸ ಇದೆಯಲ್ಲ."

ಅವನ ಕಿವಿ ಕೆಂಪಾಯಿತು. ರೋಸ್ವಿಟಾ ಮೊಣಕಾಲು ಹಿಡಿದುಕೊಂಡು, ಬೈಯುತ್ತಲೇ, ಗೇಟಿನ ಕೆಳಗೆ ನುಸುಳಿದಳು. ಆಚೆ ನಿಂತು ತಿರುಗಿದಳು.

"ಮೇಲೆ ಏನಿಲ್ಲ ಅಂತ ಅಪ್ಪಂಗೆ ಹೇಳಿದ್ಯಲ್ಲ, ನೀನು ಹತ್ತಿ ನೋಡಿದ್ಯಾ?"

"ಇಲ್ಲ," ಎಂದ ಡೆಟ್ಲೆಫ್. "ನಾನು ಹತ್ತೋ ವಯಸ್ಸಿಗೆ ಬರೋ ಮೊದಲೇ ಗೇಟು ಬಂದಿತ್ತು. ಅದರಾಚೆ ನಮ್ಮನ್ನೂ ಬಿಡ್ತಿರಲಿಲ್ಲ."

"ಗೇಟು ಹೋದ್ಮೇಲೆ?"

"ಊರೆಲ್ಲ ಮೇಲಿತ್ತು. ಯಾವ ಮುಖ ಹೊತ್ಕೊಂಡು ಬರ್ಲಿ? ಒಂದೊಂದು ವರ್ಷನೇ ಹೋಯ್ತು. ಈಗ ಸೊಂಟ ಬಿಡಲ್ಲ."

ಬುಡದಲ್ಲೇ ಹುಟ್ಟಿ ಬುಡದಲ್ಲೇ ಮುದುಕನಾದವನು ಕಾಗೆಬಂಡೆಯನ್ನು ಹತ್ತಿಯೇ ಇಲ್ಲ. ರೋಸ್ವಿಟಾಳ ಎದೆಯಲ್ಲಿ ಅಯ್ಯೋ ಎಂಬಂಥದ್ದೇನೋ ಎದ್ದಿತು. ಅದು ಎದ್ದದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅಪ್ಪನ ವಿಷಯಕ್ಕೆ ಒಂದು ಮಾತಿಲ್ಲ, ತನ್ನ ಸೊಂಟದ ವಿಷಯ ಹೇಳುತ್ತಾನೆ. ಅವಳು ದಾರಿ ಹಿಡಿದಳು.

ಮೇಲೆ ಹೋಗಿ ನಿಂತರೆ ಹಿಂದೆಂದೂ ಕಾಣದಷ್ಟು ಕಾಣುತ್ತಿತ್ತು. ಮರೆ ಮಾಡಲು ಒಂದು ಹಸಿರು ಮರ ಉಳಿದಿರಲಿಲ್ಲ. ಬ್ರೊಕೆನ್ ಬುಡದವರೆಗೂ ಬಯಲು. ಹೋಲ್ಸ್‌ಹಾಗೆನ್‌ನಲ್ಲಿ ಲೀನಾ ಅತ್ತೆಯ ಮನೆ, ಮಾಡಿನ ಮೇಲೆ ಸೋಲಾರ್ ಹಲಗೆ, ಅಂಗಳದಲ್ಲಿ ಯಾರದೋ ಬಟ್ಟೆಗಳು. ಅಪ್ಪನಿಗೆ ಇದರಲ್ಲಿ ಒಂದು ಚೂರು ಕಂಡಿದ್ದರೂ ಸಾಕಿತ್ತು. ಅವಳು ಕಟಾಂಜನಕ್ಕೆ ಕೆಂಪು ಹೊದಿಕೆ ಕಟ್ಟಿದಳು, ಕಾಫಿ ಕುಡಿದಳು. ಬಾಯಿಗೆ ರುಚಿ ಹತ್ತಲಿಲ್ಲ.

ಹೊದಿಕೆ ಮಡಚುತ್ತಿದ್ದಾಗ ಕೆಳಗೆ ದಾರಿಯಲ್ಲಿ ಏನೋ ಲಟಲಟ ಎಂದಿತು, ಆಮೇಲೆ ನೆಲ ಅದುರುವಂತೆ ಸದ್ದು. ಇಳಿದು ಬಂದಾಗ ಒಂದು ಒಣ ಸ್ಪ್ರೂಸು, ಅವಳು ಸ್ವಲ್ಪ ಹೊತ್ತಿನ ಹಿಂದೆ ಹತ್ತಿ ಬಂದ ಜಾಗದಲ್ಲೇ ಅಡ್ಡ ಮಲಗಿತ್ತು. ಹಾಗಾದರೆ ಈ ಮನುಷ್ಯ ಈ ಸಲ ಹೇಳಿದ್ದು ನಿಜ. ಇಷ್ಟು ವರ್ಷಕ್ಕೆ ಒಂದು ಸಲ ನಿಜ ಹೇಳುವುದಕ್ಕೆ ಅವನಿಗೆ ಇವತ್ತೇ ಆಗಬೇಕಿತ್ತೆ? ಮರವನ್ನು ಬೈದುಕೊಂಡೇ ದಾಟಿದಳು.

ತಿರುವಿನಲ್ಲಿ ಡೆಟ್ಲೆಫ್ ನಿಂತಿದ್ದ. ಗೇಟು ಬಿಟ್ಟು ಮೇಲೆ ಬಂದಿದ್ದ, ಕೋಲೂರಿಕೊಂಡು ಏದುಸಿರು ಬಿಡುತ್ತಾ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದೀಯಾ? ಸದ್ದು ಕೇಳಿ ನಾನು..." ಎಂದ. ಉಸಿರು ಹದಕ್ಕೆ ಬಂದ ಮೇಲೆ ಅವಳ ಚೀಲದೊಳಗಿನ ಕೆಂಪು ಬಟ್ಟೆಯನ್ನು ನೋಡಿದ. ಅದೇನೆಂದು ಅವನಿಗೆ ಗೊತ್ತಿತ್ತು. ತಲೆ ತಗ್ಗಿಸಿ, ಹುಡುಗನ ದನಿಯಲ್ಲಿ ಕೇಳಿದ, "ಮೇಲೆ... ಏನು ಕಾಣುತ್ತೆ?"

ರೋಸ್ವಿಟಾ ಕಾದಳು. ಈಗಲಾದರೂ ಕುರ್ಟ್ ಮಾವ ಎಂಬ ಎರಡು ಪದ ಆ ಬಾಯಿಂದ ಬರಲಿ ಎಂದು ಕಾದಳು. ಬರಲಿಲ್ಲ.

"ಅಲ್ಲೇನಿಲ್ಲ ಡೆಟ್ಲೆಫ್," ಎಂದಳು. "ಬರೀ ಮರ. ಮನೆಗೆ ಹೋಗು."

ಅವನು ಅವಳ ಭುಜದಾಚೆ ಬೋಳು ಗುಡ್ಡವನ್ನು ನೋಡಿದ. ಆ ಮಾತು ಯಾರದೆಂದು ಅವನಿಗೆ ಗುರುತು ಸಿಕ್ಕಿತ್ತು. ಅವಳ ಹಿಂದೆ ಕುಂಟುತ್ತಾ ಇಳಿದು ಬಂದು, ಎರಡೂ ಕೈಯಿಂದ ಗೇಟು ಎತ್ತಿ ಹಿಡಿದ. ರೋಸ್ವಿಟಾ ತಲೆ ಬಗ್ಗಿಸದೆ ನಡೆದು ಹೋದಳು.