ಶಾಲು ಹೊದಿಸಿದ ಮೇಲೆ

ಶಹಾಪುರದ ನಮ್ಮ ಶಾಲೆಯಲ್ಲಿ ಭಾಷಣ ಸ್ಪರ್ಧೆ ಬಂತೆಂದರೆ ಮಕ್ಕಳನ್ನು ನನ್ನ ಕಡೆಗೇ ಅಟ್ಟುತ್ತಾರೆ. ‘ಮೇಡಂ ಕೈಯಾಗ ಕಲ್ತ್ರ ಪ್ರೈಜ್ ಗ್ಯಾರಂಟಿ ನೋಡ್ರಿ’ ಎಂದು ಹೆಡ್‌ಮಾಸ್ತರರು ಪಾಲಕರಿಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರೈಜು ಬರುತ್ತವೆ, ಸುಳ್ಳಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾರ ಮುಖ ನೋಡಬೇಕು, ಎಲ್ಲ ಹೇಳಿಕೊಡುತ್ತೇನೆ. ಚೆನ್ನಾಗಿ ಮಾತಾಡಿದರೆ ಕೆಲಸ ಆಗುತ್ತದೆ ಎಂದು ಮಾತ್ರ ಯಾವ ಮಗುವಿಗೂ ಹೇಳುವುದಿಲ್ಲ. ಅದನ್ನು ನಾನು ನಂಬಿದ್ದ ಕಾಲ ಒಂದಿತ್ತು. ಆ ನಂಬಿಕೆಯಿಂದ ನನಗೆ ಲಾಭವೇ ಆಯಿತು, ಕಳೆದುಕೊಂಡವಳು ನನ್ನ ಗೆಳತಿ.

ನಮ್ಮೂರು ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿ, ದೊಡ್ಡ ರಸ್ತೆ ಬಿಟ್ಟು ಕಾಲುವೆಗುಂಟ ಒಳಗೆ ಹೋದರೆ ಸಿಗುತ್ತದೆ. ಅಲ್ಲಿಂದ ನಾವು ನಾಲ್ಕು ಹುಡುಗಿಯರು ಸುರಪುರದ ಕಾಲೇಜಿಗೆ ಡಿಗ್ರಿ ಓದಲು ಹೋಗುತ್ತಿದ್ದೆವು. ಬೆಳಿಗ್ಗೆ ಒಂದು ಬಸ್ಸು ಊರೊಳಗೇ ಬಂದು ಕರೆದುಕೊಂಡು ಹೋಗುತ್ತಿತ್ತು, ಸಂಜೆ ಕಾಲೇಜು ಬಿಟ್ಟ ಮೇಲೆ ಇನ್ನೊಂದು ತಂದು ಬಿಡುತ್ತಿತ್ತು. ನಾವು ಎರಡನೇ ವರ್ಷದಲ್ಲಿದ್ದಾಗ ಸಂಜೆಯ ಬಸ್ಸು ನಿಂತುಹೋಯಿತು. ಒಬ್ಬರು ಡ್ರೈವರ್ ಇಲ್ಲ ಎಂದರು, ಇನ್ನೊಬ್ಬರು ಆ ರಸ್ತೆ ಸರಿಯಿಲ್ಲ ಎಂದರು. ಬೆಳಿಗ್ಗೆ ಸರಿಯಿರುವ ರಸ್ತೆ ಸಂಜೆ ಹೇಗೆ ಕೆಡುತ್ತದೋ ಆ ದೇವರಿಗೇ ಗೊತ್ತು.

ಉಳಿದದ್ದು ಟಂಟಂ. ಗಂಡಸರೇ ತುಂಬಿದ ಆ ಆಟೊದಲ್ಲಿ ಬ್ಯಾಗು ಎದೆಗೆ ಅವುಚಿಕೊಂಡು ಕುಳಿತರೆ ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಕಾಲುವೆ ದಾರಿಯಲ್ಲಿ ಊರಿಗೆ ನಡೆಯಬೇಕು, ಅಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಒಂದು ದಿನ ನಾವು ಉಳಿದ ಮೂವರೂ ಕಾಲೇಜಿಗೆ ಹೋಗಿರಲಿಲ್ಲ, ನನ್ನ ಗೆಳತಿ ಒಬ್ಬಳೇ ಬಂದಳು. ಹಿಂದೆ ಒಂದು ಬೈಕು ದೀಪ ಆರಿಸಿಕೊಂಡು ಮೆಲ್ಲಗೆ ಬರುತ್ತಿತ್ತಂತೆ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಕಾಲುವೆಯ ಸೇತುವೆ ಮೇಲೆ ಅವರಪ್ಪ ಬ್ಯಾಟರಿ ಹಿಡಿದು ನಿಂತಿದ್ದ. ಮಗಳನ್ನು ಏನೂ ಕೇಳಲಿಲ್ಲ, ಬೈಯಲಿಲ್ಲ. ಮನೆಗೆ ಬಂದು ಅವಳವ್ವನಿಗೆ ಮಾತ್ರ ಹೇಳಿದ: ‘ಸಂಜಿ ಬಸ್ ಮತ್ತ ಬಂತಂದ್ರ ಓದ್ಲಿ. ದೀಪಾವಳಿ ತನಕ ನೋಡ್ತೀನಿ. ಇಲ್ಲಂದ್ರ ಸಾಕು, ಮನ್ಯಾಗಿರ್ಲಿ.’

ಅವನು ಕೆಟ್ಟ ಮನುಷ್ಯನಲ್ಲ. ಮಂದಿಯ ಗದ್ದೆಯಲ್ಲಿ ದುಡಿದು ಮಗಳನ್ನು ಅಲ್ಲಿಯವರೆಗೆ ಓದಿಸಿದವನು. ಗೆಳತಿಗೆ ಮಾಸ್ತರಿಕೆ ಮಾಡುವ ಹುಚ್ಚು. ನಮ್ಮ ನಾಲ್ವರಲ್ಲಿ ನಿಜವಾಗಿ ಓದಿನ ಮೇಲೆ ಜೀವ ಇದ್ದದ್ದು ಅವಳಿಗೆ. ನನಗೆ ಇದ್ದದ್ದು ಬಾಯಿ.

ಹಾಗಾಗಿಯೇ ಊರವರು ನನ್ನನ್ನು ಆರಿಸಿದರು. ಯಾದಗಿರಿಯಲ್ಲಿ ಒಬ್ಬ ದೊಡ್ಡ ಸಾಹೇಬರು ಜನರ ಅಹವಾಲು ಕೇಳುತ್ತಾರೆ, ಒಂದೊಂದು ಊರಿಗೆ ಐದೈದು ನಿಮಿಷ ಕೊಡುತ್ತಾರೆ ಎಂದು ಸುದ್ದಿ ಬಂದಿತ್ತು. ಊರಿನ ಹಿರಿಯ, ನಾವೆಲ್ಲ ಮುತ್ಯಾ ಎಂದು ಕರೆಯುತ್ತಿದ್ದವನು, ನಮ್ಮ ಕಟ್ಟೆಗೆ ಬಂದು ಕುಳಿತು, ‘ನಾವು ಗಂಡಸ್ರು ಮಾತಾಡಿದ್ರ ಜಗಳ ಆಗ್ತದ ತಂಗಿ. ನೀ ಮಾತಾಡು. ನಿನ್ನ ನಾಲಿಗಿ ಛಲೋ ಅದ’ ಎಂದ. ಹೆಮ್ಮೆಯಿಂದ ನನಗೆ ಅವತ್ತು ಊಟ ಸೇರಲಿಲ್ಲ.

ತಯಾರಿ ಮಾಡಿಸಿದವರು ಕಾಲೇಜಿನಲ್ಲಿ ನಮಗೆ ಕನ್ನಡ ಹೇಳಿಕೊಡುತ್ತಿದ್ದ ಮೇಡಂ. ನಾನು ಬರೆದುಕೊಂಡು ಹೋದ ಎರಡು ಹಾಳೆಯನ್ನು ಓದಿ ಮಡಚಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ‘ಇದು ಪ್ರಬಂಧ ಆತು. ಸಾಹೇಬ್ರಿಗೆ ಪ್ರಬಂಧ ಬೇಕಾಗಿಲ್ಲ. ಮೊದಲನೇ ಮಾತಿನಾಗ ಏನು ಬೇಕು ಅದನ್ನ ಹೇಳು. ಆಮ್ಯಾಲ ಒಬ್ಬಾಕಿ ಕಥಿ ಹೇಳು, ಒಂದ ದಿನದ್ದು. ನಾಲ್ಕು ಮಂದೀದು ಹೇಳಿದ್ರ ಯಾರ್ದೂ ನೆನಪಿರಂಗಿಲ್ಲ. ಕಡೀಗೆ ಮತ್ತ ಕೇಳು, ಬಸ್ ಯಾವಾಗ ಬಿಡ್ತೀರಿ ಅಂತ. ಕೇಳಿ ಸುಮ್ಮನ ನಿಂದ್ರು. ಉತ್ತರ ಬರೋ ತನಕ ಕುಂದ್ರಬ್ಯಾಡ.’

ಈ ಕೊನೆಯದೇ ಕಷ್ಟದ್ದು ಎಂದು ಅವರು ಎಚ್ಚರಿಸಿದ್ದರು. ಕೇಳಿ ಸುಮ್ಮನೆ ನಿಲ್ಲುವುದಕ್ಕೆ ಗುಂಡಿಗೆ ಬೇಕು, ಹೆಚ್ಚಿನವರು ಹೆದರಿ ಏನಾದರೊಂದು ಮಾತು ಸೇರಿಸಿ ತಾವೇ ಕೆಡಿಸಿಕೊಳ್ಳುತ್ತಾರೆ ಎಂದಿದ್ದರು.

ರೂಢಿ ಮಾಡಿದ್ದು ಕಾಲುವೆ ದಂಡೆಯ ಮೇಲೆ. ಗೆಳತಿ ಓಡಣಿಯನ್ನು ಹೆಗಲ ಮೇಲೆ ಶಾಲಿನ ಹಾಗೆ ಹಾಕಿಕೊಂಡು ಸಾಹೇಬರಾಗಿ ಕಲ್ಲಿನ ಮೇಲೆ ಕೂರುತ್ತಿದ್ದಳು. ನಾನು ಕೇಳಿ ಸುಮ್ಮನೆ ನಿಂತಾಗ ಬೇಕೆಂದೇ ಆಕಳಿಸುತ್ತಿದ್ದಳು, ಮೊಬೈಲು ನೋಡುತ್ತಿದ್ದಳು, ನನಗೆ ನಗು ಬಂದರೆ ‘ಮತ್ತ ಮೊದಲಿಂದ ಹೇಳು’ ಎನ್ನುತ್ತಿದ್ದಳು. ಅವಳ ಕಥೆಯನ್ನೇ ಹೇಳಲೇ ಎಂದು ಕೇಳಿದಾಗ, ‘ಹೆಸರ ಹೇಳಬ್ಯಾಡ. ಉಳಿದದ್ದು ಹೇಳು. ಅಪ್ಪ ಬ್ಯಾಟರಿ ಹಿಡ್ಕೊಂಡು ನಿಂತಿದ್ದು ಮರೀಬ್ಯಾಡ’ ಎಂದಳು. ಅವಳು ತನ್ನ ಓದನ್ನು ನನ್ನ ಬಾಯಿಗೆ ಒಪ್ಪಿಸಿದ್ದಳು. ನಾನು ಚೆನ್ನಾಗಿ ಕಲಿತೆ. ಅಷ್ಟು ಚೆನ್ನಾಗಿ ಕಲಿಯಬಾರದಿತ್ತು.

ಆ ದಿನ ಊರಿನ ಒಂದು ಕ್ರೂಸರ್ ಗಾಡಿಯಲ್ಲಿ ಹೊರಟೆವು. ನಮ್ಮ ಕಡೆ ದೊಡ್ಡವರ ಹತ್ತಿರ ಏನಾದರೂ ಕೇಳಲು ಹೋದರೆ ಬರಿಗೈಲಿ ಹೋಗುವುದಿಲ್ಲ. ಮೊದಲು ಶಾಲು ಹೊದಿಸಿ ಹಾರ ಹಾಕುವುದು, ಆಮೇಲೆ ಕೇಳುವುದು. ಮುತ್ಯಾ ಸುರಪುರದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೈದು ಬಿಚ್ಚಿಸಿ ನೋಡಿ, ಜರಿಯಂಚಿನ ಕೆಂಪು ಶಾಲು ತಂದ. ಅದನ್ನು ಯಾದಗಿರಿಯವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ.

ಸಭೆಯಲ್ಲಿ ಭಾರಿ ಗದ್ದಲ. ನಮಗಿಂತ ಮೊದಲಿನ ಊರುಗಳವರು ಒಬ್ಬರ ಮೇಲೊಬ್ಬರು ಕೂಗಿದರು, ಸಾಹೇಬರು ಕಾಗದ ತಿರುವುತ್ತ ಕುಳಿತಿದ್ದರು. ನಮ್ಮ ಸರದಿ ಬಂದಾಗ ಮುತ್ಯಾ ಶಾಲು ಹಿಡಿದು ನನ್ನ ಜೊತೆಗೇ ಮುಂದೆ ಬಂದ. ಹೊದಿಸಲು ಹೋದರೆ ಸಾಹೇಬರು ‘ಆಮೇಲೆ, ಆಮೇಲೆ’ ಎಂದು ಅದನ್ನು ತೆಗೆದು ಮೇಜಿನ ಮೇಲಿಟ್ಟರು. ನಾನು ಮೈಕು ಹಿಡಿದು, ‘ನಮ್ಮೂರಿಗೆ ಸಂಜೆಯ ಬಸ್ಸು ಬೇಕು ಸರ್. ಅದಿಲ್ಲದಿದ್ದರೆ ದೀಪಾವಳಿಗೆ ಒಬ್ಬ ಹುಡುಗಿಯ ಓದು ನಿಲ್ಲುತ್ತದೆ’ ಎಂದೆ. ಅವರು ಕಾಗದ ಕೆಳಗಿಟ್ಟರು.

ಆಮೇಲೆ ಒಂದು ಶಬ್ದವೂ ಜಾರಲಿಲ್ಲ. ಬೈಕು, ಚಪ್ಪಲಿ, ಸೇತುವೆ, ಬ್ಯಾಟರಿ. ಸಭೆ ತಣ್ಣಗಾಯಿತು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಸಾಲಿನಲ್ಲಿ ಗೆಳತಿ ತಲೆ ತಗ್ಗಿಸಿ ಕುಳಿತಿದ್ದಳು. ‘ಬಸ್ಸು ಎಂದಿನಿಂದ ಬಿಡುತ್ತೀರಿ ಸರ್?’ ಎಂದು ಕೇಳಿ, ಕಲಿಸಿದಂತೆ ಬಾಯಿ ಮುಚ್ಚಿ ನಿಂತೆ.

ಆ ಮೌನ ಕಾಲುವೆ ದಂಡೆಯ ಮೇಲೆ ಉಳಿದ ಹಾಗೆ ಅಲ್ಲಿ ಉಳಿಯಲಿಲ್ಲ. ಯಾರೋ ಚಪ್ಪಾಳೆ ಶುರುಮಾಡಿದರು, ಇಡೀ ಸಭೆ ತಟ್ಟಿತು. ಸಾಹೇಬರು ಎದ್ದು ಬಂದರು. ‘ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ. ಈ ಕಡೆ ಮಕ್ಕಳು ಇಷ್ಟು ಸ್ಪಷ್ಟವಾಗಿ ಮಾತಾಡಿದ್ದು ನಾನು ನೋಡೇ ಇಲ್ಲ’ ಎಂದು, ಮೇಜಿನ ಮೇಲಿದ್ದ ನಮ್ಮದೇ ಶಾಲನ್ನು ಬಿಡಿಸಿ ನನಗೆ ಹೊದಿಸಿದರು. ಮೊಬೈಲುಗಳು ಮೇಲೆದ್ದವು. ಪಕ್ಕದಲ್ಲಿದ್ದವರಿಗೆ, ‘ಇಂಥ ಹುಡುಗಿ ಓದಬೇಕು ಕಣ್ರೀ. ಸುರಪುರದಲ್ಲಿ ಇವಳಿಗೊಂದು ಹಾಸ್ಟೆಲ್ ಸೀಟು ನೋಡಿ’ ಎಂದರು.

‘ಸರ್, ಬಸ್ಸು’ ಎಂದೆ. ಹೇಳಿದ್ದು ನಿಜ, ಮೈಕು ಆಗಲೇ ಬೇರೆಯವರ ಕೈಯಲ್ಲಿತ್ತು.

ಮುತ್ಯಾ ಅಷ್ಟರಲ್ಲಿ ಕೈಮುಗಿದು ಬಾಗಿದ್ದ. ಅವನ ಕಣ್ಣು ತುಂಬಿತ್ತು. ‘ನಮ್ಮೂರ ಮಗಳಿಗೆ ಸಾಹೇಬ್ರು ಕೈಯಾರೆ ಶಾಲು ಹೊಚ್ಯಾರ. ಇನ್ನೇನ್ ಬೇಕ್ರಿ ನಮಗ, ಇಷ್ಟ ಸಾಕ್ರಿ’ ಎಂದುಬಿಟ್ಟ. ನಾನು ಅಲ್ಲಾಡದೆ ನಿಂತಿದ್ದಕ್ಕೆ ರಟ್ಟೆ ಹಿಡಿದು, ‘ಬಾ ತಂಗಿ. ಮರ್ಯಾದಿ ಮಾಡಿದ ಮ್ಯಾಲ ಮತ್ತ ಕೇಳಬಾರದು’ ಎಂದು ಕೆಳಗೆ ಕರೆದುಕೊಂಡು ಬಂದ. ಮೈಕಿನಲ್ಲಿ ಮುಂದಿನ ಊರಿನ ಹೆಸರು ಕೂಗಿದರು.

ಬರುವಾಗ ಶಹಾಪುರದಲ್ಲಿ ಗಾಡಿ ನಿಲ್ಲಿಸಿ ಎಲ್ಲರೂ ಮಿರ್ಚಿ ಭಜಿ ತಿಂದರು. ಬಸ್ಸಿನ ಮಾತು ಯಾರ ಬಾಯಲ್ಲೂ ಇಲ್ಲ. ಸಾಹೇಬರು ಶಾಲು ಹೊದಿಸಿದರೆಂದರೆ ಒಪ್ಪಿದಂತೆಯೇ ಎಂದು ಅವರು ತಿಳಿದಿದ್ದರು. ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ, ಆದರೂ ಆ ಖುಷಿಯ ಮುಖಗಳ ನಡುವೆ ಕುಳಿತು ನಾನೂ ಭಜಿ ತಿಂದೆ. ಗೆಳತಿ ಭಜಿ ಮುಟ್ಟಲಿಲ್ಲ. ನನ್ನ ಹೆಗಲಿನಿಂದ ಶಾಲು ತೆಗೆದು, ಎಣ್ಣೆ ತಾಗದ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವಳಿಗೆ ಅಲ್ಲಿಯೇ ಎಲ್ಲ ತಿಳಿದಿತ್ತು.

ನನ್ನ ವಿಡಿಯೊ ಊರೂರಿನ ವಾಟ್ಸಾಪಿನಲ್ಲಿ ಓಡಾಡಿತು. ಬಸ್ಸು ಬರಲಿಲ್ಲ. ಹಾಸ್ಟೆಲಿನ ಸೀಟು ಬಂತು. ನಾನು ಹೋಗುವುದಿಲ್ಲ ಎಂದು ಹಟ ಹಿಡಿದರೆ ಅವ್ವ ಟ್ರಂಕು ತುಂಬಿಸಿ ಅಂಗಳದಲ್ಲಿಟ್ಟಳು. ಬಸ್ಸಿಗಾಗಿ ಮತ್ತೊಮ್ಮೆ ಕೇಳೋಣ ಎಂದು ಮುತ್ಯಾನ ಬಳಿ ಹೋದೆ. ‘ಹ್ಯಾಂಗ ಕೇಳ್ಲಿ? ಸಾಕು ಅಂತ ನಾನ ಅಂದು ಬಂದೀನಿ’ ಎಂದು ಅವನು ನೆಲ ನೋಡಿದ. ದೀಪಾವಳಿಯಾದ ಮೇಲೆ ಗೆಳತಿ ಕಾಲೇಜಿಗೆ ಬರಲಿಲ್ಲ, ಉಳಿದ ಇಬ್ಬರೂ ಒಬ್ಬರ ಹಿಂದೊಬ್ಬರು ಬಿಟ್ಟರು. ಬೇಸಿಗೆಯಲ್ಲಿ ಅವಳನ್ನು ಬಳಿಚಕ್ರಕ್ಕೆ ಮದುವೆ ಮಾಡಿಕೊಟ್ಟರು. ಅವಳ ಮದುವೆಯಲ್ಲಿ ಅವರಪ್ಪ ನನ್ನನ್ನು ಬೀಗರಿಗೆ ತೋರಿಸಿ, ‘ಈಕೀನ ನೋಡ್ರಿ, ಸಾಹೇಬ್ರ ಮುಂದ ಮಾತಾಡಿದಾಕಿ. ನಾ ಫೋನಿನಾಗ ಮತ್ತ ಮತ್ತ ನೋಡೀನಿ’ ಎಂದ. ನನ್ನ ಭಾಷಣದಲ್ಲಿ ಬ್ಯಾಟರಿ ಹಿಡಿದು ನಿಂತವನು ತಾನೇ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅವಳು ಮಾಡಬೇಕೆಂದಿದ್ದ ಕೆಲಸದಲ್ಲಿ ನಾನಿದ್ದೇನೆ. ಮಕ್ಕಳು ಬಹುಮಾನ ತಂದು ತೋರಿಸಿದಾಗ ಬೆನ್ನು ತಟ್ಟುತ್ತೇನೆ. ಏನು ಮಾಡಿದ್ದರೆ ಆ ಬಸ್ಸು ಬರುತ್ತಿತ್ತು ಎಂದು ಎಷ್ಟು ಯೋಚಿಸಿದರೂ ನನಗೆ ದಾರಿ ಕಾಣುವುದಿಲ್ಲ. ಸರಿಯಾಗಿ ಮಾತಾಡಿಯೂ ಕೆಲಸ ಆಗದಿದ್ದರೆ ಇನ್ನು ಉಳಿದದ್ದೇನು?

ಈ ಸಲದ ರಜೆಯಲ್ಲಿ ಬಳಿಚಕ್ರಕ್ಕೆ ಹೋಗಿದ್ದೆ. ಗೆಳತಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು, ನಾನು ಎದುರಿಗೆ ಕುಳಿತು ಉಣ್ಣುತ್ತಿದ್ದೆ. ಊರಿಗೆ ಸಂಜೆಯ ಬಸ್ಸು ಬಂತೇನು ಎಂದು ಕೇಳಿದಳು. ಇಲ್ಲ ಎಂದೆ. ಹಿಟ್ಟು ತಟ್ಟುತ್ತಲೇ, ಸಿಟ್ಟಿಲ್ಲದೆ, ಎಷ್ಟೋ ದಿನದಿಂದ ಯೋಚಿಸಿ ಇಟ್ಟ ಮಾತಿನ ಹಾಗೆ ಹೇಳಿದಳು: ‘ಅವತ್ತು ನೀ ಒಂದೀಟು ತೊದಲಿದ್ದರ ಛಲೋ ಇತ್ತು ನೋಡು. ಅವರು ನಿನ್ನ ನೋಡ್ತಿರಲಿಲ್ಲ, ಬಸ್ಸಿನ ಮಾತು ಕೇಳ್ತಿದ್ರು.’

ಹೇಳಿ, ಬಿಸಿ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. ನನಗೆ ಹೊಟ್ಟೆ ತುಂಬಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ.